ಕೊಟ್ಟ ಬುಟ್ಟಿಯನ್ನು ಹಬ್ಬಕ್ಕೆ ಕೇಳಿದರೆ ಏನು ಹೇಳುವುದು? ಊರಿನ ವಸ್ತುಸಂಗ್ರಹವನ್ನು ಊರಿನವರೊಡನೆ ಹಂಚಿಕೊಳ್ಳುವ ಬಗ್ಗೆ

ಅಟ್ಟದಮನೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ, ಮಕ್ಕಳು ಹೊಸ ಕಟ್ಟಡಕ್ಕೆ ಹೋದ ಮೇಲೆ ಖಾಲಿ ಉಳಿದ ಹಳೆಯ ಶಾಲೆಯ ಎರಡು ಕೋಣೆಗಳಲ್ಲಿ, ಊರಿನ ಹಳೆಯ ವಸ್ತುಗಳ ಒಂದು ಚಿಕ್ಕ ಸಂಗ್ರಹಾಲಯವನ್ನು ಏಳು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ಕೊಳಗ, ಸೇರು, ಪಾವುಗಳು, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳು, ನಾಟಿಯ ಕಾಲಕ್ಕೆ ಹೆಂಗಸರು ಮಳೆಗೆ ಹಾಕಿಕೊಳ್ಳುತ್ತಿದ್ದ ಗೊರಬುಗಳು, ಚೆನ್ನೆಮಣೆ, ಮರದ ಮರಿಗೆ, ನಾಲ್ಕು ಕಟ್ಟು ಓಲೆಗರಿ, ಶರಾವತಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳಿಂದ ಎದ್ದು ಬಂದವರು ಕೊಟ್ಟ ಛಾಯಾಚಿತ್ರಗಳು, ಜೊತೆಗೆ ಒಂದು ಟ್ರಂಕಿನ ತುಂಬ ಗೇಣಿ ಚೀಟಿಗಳು ನಮ್ಮಲ್ಲಿವೆ. ಒಂದನ್ನೂ ಹಣ ಕೊಟ್ಟು ತಂದದ್ದಲ್ಲ, ಎಲ್ಲವನ್ನೂ ಸುತ್ತಲಿನ ಮನೆಗಳವರು ತಾವಾಗಿ ತಂದುಕೊಟ್ಟದ್ದು.

ಭಾನುವಾರ ಬೆಳಿಗ್ಗೆ ಎರಡು ಗಂಟೆ ಬಾಗಿಲು ತೆರೆಯುತ್ತೇವೆ. ಜೋಗಕ್ಕೆ ಹೋಗುವ ದಾರಿಯಲ್ಲಿ ಹೊರಗಿನವರು ಇಳಿದು, ನೋಡಿ, ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ವಸ್ತು ಕೊಟ್ಟ ಮನೆಯವರು ಮಾತ್ರ ಬರುವುದಿಲ್ಲ. ಬರಬೇಕೆಂದು ಕರೆದರೆ, ಕೊಟ್ಟಾದ ಮೇಲೆ ಇನ್ನು ನೋಡುವುದೇನಿದೆ ಎಂಬ ಉತ್ತರ ಬರುತ್ತದೆ.

ಕಳೆದ ವರ್ಷ ಭೂಮಿ ಹುಣ್ಣಿಮೆಗೆ ಹತ್ತು ದಿನವಿದ್ದಾಗ ಒಬ್ಬ ಹೆಣ್ಣುಮಗಳು ಬಂದು, ತನ್ನ ತಾಯಿ ಚಿತ್ತಾರ ಬರೆದಿದ್ದ, ಹಬ್ಬದ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯನ್ನು ಹಬ್ಬದ ಮಟ್ಟಿಗೆ ಕೊಡಬಹುದೇ ಎಂದು ಕೇಳಿದರು. ತಾಯಿ ಈಗ ಇಲ್ಲ, ಆ ಬುಟ್ಟಿಯನ್ನು ಕೊಟ್ಟವರು ಆ ತಾಯಿಯೇ. ನಮ್ಮ ಸಮಿತಿ ಅಂದು ಎರಡಾಯಿತು. ಒಮ್ಮೆ ವಹಿಯಲ್ಲಿ ಬರೆದದ್ದು ಹೊಸಿಲು ದಾಟಬಾರದು, ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಎಂದು ಕೆಲವರು ವಾದಿಸಿದರು. ಅವರ ಮನೆಯದನ್ನೇ ಅವರಿಗೆ ಇಲ್ಲವೆನ್ನುವ ಮುಖ ನಮಗೆಲ್ಲಿದೆ ಎಂದು ಉಳಿದವರು ಕೇಳಿದರು. ಹುಣ್ಣಿಮೆ ಕಳೆಯುವವರೆಗೂ ತೀರ್ಮಾನವಾಗಲಿಲ್ಲ, ಆಕೆಯೂ ಮತ್ತೆ ಬರಲಿಲ್ಲ. ಈ ವರ್ಷ ಆ ತಪ್ಪು ಆಗಬಾರದೆಂದು ಮೊದಲೇ ಕೇಳುತ್ತಿದ್ದೇನೆ. ಅದರ ಜೊತೆಗೆ, ಎಲ್ಲವನ್ನೂ ಸ್ಕ್ಯಾನ್ ಮಾಡಿ ಅಂತರಜಾಲಕ್ಕೆ ಏರಿಸಿಬಿಟ್ಟರೆ ಊರಿಗೆ ಹಂಚಿದಂತೆಯೇ ಆಯಿತು ಎಂದು ನಮ್ಮ ಹುಡುಗರು ಹೇಳುತ್ತಿದ್ದಾರೆ. ಅದು ನಿಜವೇ ಎಂಬುದನ್ನೂ ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ದಫ್ತರ (ಉತ್ತರ):

ವಸ್ತುಸಂಗ್ರಹಾಲಯವೊಂದರ ದಾಖಲೆ ವಿಭಾಗದಲ್ಲಿ ಬಹುಕಾಲ ದುಡಿದು ನಿವೃತ್ತನಾದವನು ನಾನು. ಆದ್ದರಿಂದ ಬುಟ್ಟಿಗಿಂತ ಮೊದಲು ನಿಮ್ಮ ವಹಿಯ ಬಗ್ಗೆ ಕೇಳುತ್ತೇನೆ. ಆ ಬುಟ್ಟಿಯ ಎದುರು ಏನೆಂದು ಬರೆದಿದ್ದೀರಿ? ‘ಬಿದಿರಿನ ಬುಟ್ಟಿ, ಒಂದು’ ಎಂದಷ್ಟೇ ಬರೆದಿದ್ದರೆ ನೀವು ಪಡೆದದ್ದು ಬಿದಿರನ್ನು ಮಾತ್ರ. ಬರೆದವರು ಯಾರು, ಕೆಮ್ಮಣ್ಣನ್ನು ಎಲ್ಲಿಂದ ತಂದರು, ಚಿತ್ತಾರದ ಯಾವ ಭಾಗಕ್ಕೆ ಏನೆಂದು ಹೆಸರು, ಯಾವ ಷರತ್ತಿನ ಮೇಲೆ ಕೊಟ್ಟರು ಎಂಬುದೆಲ್ಲ ಕೊಟ್ಟವರ ಬಾಯಲ್ಲೇ ಉಳಿದುಹೋಗಿರುತ್ತದೆ. ಕೊಟ್ಟಾದ ಮೇಲೆ ನೋಡುವುದೇನಿದೆ ಎಂದು ಊರಿನವರು ಹೇಳುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ, ಏಕೆಂದರೆ ಅವರಿಗೆ ಗೊತ್ತಿದ್ದದ್ದು ಯಾವುದೂ ನಿಮ್ಮ ಕೋಣೆಯ ಚೀಟಿಗಳ ಮೇಲೆ ಕಾಣುತ್ತಿಲ್ಲ.

ಮೊದಲು ಪ್ರತಿಯೊಂದು ವಸ್ತುವಿಗೂ ಒಂದು ಸಂಖ್ಯೆ ಕೊಡಿ. ಪಕ್ಕದಲ್ಲಿ ಸೆಂಟಿಮೀಟರಿನ ಅಳತೆಪಟ್ಟಿ ಇಟ್ಟು ಒಂದು ಚಿತ್ರ ತೆಗೆಯಿರಿ, ಕಡತಕ್ಕೂ ಅದೇ ಸಂಖ್ಯೆಯನ್ನು ಹೆಸರಾಗಿಡಿ. ಅನಂತರ ಆ ಚಿತ್ರವನ್ನು ಕೊಟ್ಟವರ ಮನೆಗೇ ಒಯ್ದು, ಜಗಲಿಯ ಮೇಲೆ ಕುಳಿತು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ನಿಧಾನದ ಕೆಲಸ, ಒಂದು ಮಳೆಗಾಲವೇ ಬೇಕಾದೀತು. ಆದರೆ ಕೋಣೆಯ ಬಾಗಿಲನ್ನು ವಾರವಿಡೀ ತೆರೆದಿಟ್ಟರೂ ಬಾರದ ಊರಿನವರು ಇದಕ್ಕೆ ಬರುತ್ತಾರೆ. ಕೆಳದಿಯ ವಸ್ತುಸಂಗ್ರಹಾಲಯವನ್ನೇ ನೋಡಿ: ಗುಂಡಾ ಜೋಯಿಸರು ಮನೆಮನೆ ತಿರುಗಿ ಓಲೆಗರಿ, ಕಡತ, ನಾಣ್ಯಗಳನ್ನು ಕೂಡಿಸಿದ್ದರಿಂದ ಅದು ಬೆಳೆಯಿತು, ಇಂದು ಕುವೆಂಪು ವಿಶ್ವವಿದ್ಯಾಲಯದ ಆಶ್ರಯದಲ್ಲಿದೆ. ನಿಮ್ಮ ಊರಿನಿಂದ ದೂರವೂ ಅಲ್ಲ, ಒಮ್ಮೆ ಸಮಿತಿಯವರೆಲ್ಲ ಹೋಗಿ ಬನ್ನಿ.

ಇನ್ನು ಹೊಸಿಲು ದಾಟಿಸುವ ವಿಚಾರ. ಒಂದೇ ನಿಯಮವನ್ನು ಇಡೀ ಸಂಗ್ರಹಕ್ಕೆ ಹೊಂದಿಸಲು ಹೋದದ್ದರಿಂದಲೇ ನಿಮ್ಮ ಸಮಿತಿ ಒಡೆಯಿತು. ಹತ್ತು ಮೆಟ್ಟುಗತ್ತಿಗಳಿದ್ದರೆ ಎರಡನ್ನು ಶಾಲೆಗೆ ಕಳುಹಿಸಿ, ಮಕ್ಕಳು ಮೇಷ್ಟರ ಎದುರಿಗೆ ಮುಟ್ಟಿ ನೋಡಲಿ. ಓಲೆಗರಿ ಮಾತ್ರ ಹೊರಗೆ ಹೋಗುವುದು ಬೇಡ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟನ್ನು ಬಿಚ್ಚುವುದೇ ಬೇಡ, ಏಕೆಂದರೆ ನಮ್ಮ ಮಳೆಗಾಲದ ಥಂಡಿಗೆ ಬೂಷ್ಟು ಹಿಡಿಯಲು ಹೆಚ್ಚು ದಿನ ಬೇಕಾಗಿಲ್ಲ. ಹಿಂದಿನವರು ಅಡುಗೆಮನೆಯ ಅಟ್ಟದಲ್ಲಿ ಕಟ್ಟುಗಳನ್ನಿಟ್ಟಿದ್ದು ಜಾಗವಿಲ್ಲದೆ ಅಲ್ಲ, ಒಲೆಯ ಹೊಗೆಗೆ ಹುಳು ಬರುವುದಿಲ್ಲವೆಂದು. ಬೇಸಿಗೆಯಲ್ಲಿ, ತಿಳಿದವರೊಬ್ಬರನ್ನು ಜೊತೆಗಿಟ್ಟುಕೊಂಡು, ಗರಿಗಳಿಗೆ ತೆಳುವಾಗಿ ಮಜ್ಜಿಗೆಹುಲ್ಲಿನ ಎಣ್ಣೆ ಸವರಿ, ಕ್ಯಾಮೆರಾವನ್ನು ಮೇಲಿನಿಂದ ನಿಲ್ಲಿಸಿ, ಫ್ಲ್ಯಾಷ್ ಇಲ್ಲದೆ ಚಿತ್ರ ತೆಗೆಯಿರಿ. ನಿಮ್ಮ ಕಟ್ಟುಗಳಲ್ಲಿ ತಿಗಳಾರಿ ಲಿಪಿಯವು ಇದ್ದರೆ ಆಶ್ಚರ್ಯವಿಲ್ಲ, ಮಲೆನಾಡಿನ ವೈದಿಕ ಮನೆತನಗಳಲ್ಲಿ ಸಂಸ್ಕೃತವನ್ನು ಆ ಲಿಪಿಯಲ್ಲಿ ಬರೆದ ಓಲೆಗರಿಗಳು ಹೇರಳವಾಗಿ ಸಿಗುತ್ತವೆ. ಆ ಲಿಪಿ 2024ರಲ್ಲಿ ಯೂನಿಕೋಡಿಗೂ ಸೇರಿದೆ.

ಕೇಳದೆಯೇ ಒಂದು ಮಾತು ಹೇಳುತ್ತೇನೆ. ಗದ್ದೆಯ ಬದುವಿನ ವೀರಗಲ್ಲನ್ನು ನಿಮ್ಮ ಕೋಣೆಗೆ ತರುತ್ತೇವೆಂದು ಯಾರಾದರೂ ಉತ್ಸಾಹ ತೋರಿದರೆ ಒಪ್ಪಬೇಡಿ. ಶಿವಮೊಗ್ಗದ ಶಿವಪ್ಪ ನಾಯಕನ ಅರಮನೆಯ ಅಂಗಳದಲ್ಲಿ ನಿಲ್ಲಿಸಿರುವ ವೀರಗಲ್ಲುಗಳನ್ನು ನೋಡಿದಾಗಲೆಲ್ಲ, ಇವು ಯಾವ ಕೆರೆಯ ಕೆಳಗೆ, ಯಾವ ಗಡಿಯ ಕಡೆ ಮುಖ ಮಾಡಿ ನಿಂತಿದ್ದವೋ ಎಂದು ನನಗೆ ಅನ್ನಿಸುತ್ತದೆ. ಅದೂ ಅಲ್ಲದೆ 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ನಾಣ್ಯಾದಿಗಳೂ 75 ವರ್ಷ ದಾಟಿದ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳೇ ಆಗುತ್ತವೆ. ಕೆಲವು ಬಗೆಯವನ್ನು ನೋಂದಾಯಿಸಲೇಬೇಕು. ಜಿಲ್ಲೆಯ ಪುರಾತತ್ತ್ವ ಕಚೇರಿಯಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

ಬುಟ್ಟಿಯನ್ನು ನಾನಾಗಿದ್ದರೆ ಕೊಡುತ್ತಿರಲಿಲ್ಲ. ಎಡೆಯ ಸಹಿತ ನಸುಕಿನ ಇಬ್ಬನಿಯಲ್ಲಿ ಗದ್ದೆಗೆ ಹೋದ ಬುಟ್ಟಿ ಹೋದಂತೆಯೇ ಹಿಂದಿರುಗುವುದಿಲ್ಲ.

ಪುಂಡಿನಾರು (ಉತ್ತರ):

ಹಿರಿಯರ ಮಾತಿನ ಬಗ್ಗೆ ಗೌರವವಿದೆ, ಆದರೆ ಕೊನೆಯ ಸಾಲನ್ನು ಒಪ್ಪಲಾರೆ. ನಾನು ದೀವರ ಮನೆಯವಳು. ನಮ್ಮಲ್ಲಿ ಭೂಮಣ್ಣಿ ಬುಟ್ಟಿಗೆ ಪ್ರತಿ ವರ್ಷವೂ ಹೊಸದಾಗಿ ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತೇವೆ. ಹಳೆಯ ಚಿತ್ತಾರ ಹೊಸ ಮಣ್ಣಿನ ಅಡಿಯಲ್ಲಿ ಹೋಗುತ್ತದೆ, ಅದಕ್ಕೆ ಯಾರೂ ಅಳುವುದಿಲ್ಲ. ‘ಹೋದಂತೆಯೇ ಹಿಂದಿರುಗುವುದಿಲ್ಲ’ ಎಂಬುದು ನಿಮಗೆ ನಷ್ಟವಾಗಿ ಕಾಣುತ್ತದೆ, ಬುಟ್ಟಿಗೆ ಅದೇ ಬದುಕು.

ಹಾಗೆಂದು ಈ ಒಂದು ಬುಟ್ಟಿಯ ಮೇಲೆ ಮತ್ತೆ ಮಣ್ಣು ಬಳಿಯಿರಿ ಎಂದು ನಾನೂ ಹೇಳಲಾರೆ, ಅದರ ಮೇಲಿರುವುದು ಆ ತಾಯಿಯ ಕೈಯ ಕೊನೆಯ ಗೆರೆ ಇದ್ದೀತು. ಆ ಹೆಣ್ಣುಮಗಳಿಗೆ ಬೇಕಾದದ್ದು ಬಹುಶಃ ಬುಟ್ಟಿಯಲ್ಲ. ಚಿತ್ತಾರದ ನಿಲಿ ಎಂಬ ವಿನ್ಯಾಸವನ್ನು ಎಲ್ಲಿಂದ ಎತ್ತಿದ್ದಾರೆ, ಗೆರೆ ಎಲ್ಲಿ ಕೂಡುತ್ತದೆ ಎಂಬುದು ಗಾಜಿನಾಚೆ ನಿಂತರೆ ತಿಳಿಯುವುದಿಲ್ಲ, ಬುಟ್ಟಿಯನ್ನು ಮಡಿಲಲ್ಲಿಟ್ಟು ತಿರುಗಿಸಿ ನೋಡಬೇಕು. ದಸರೆಯ ಸಮಯಕ್ಕೆ ಅವರನ್ನೂ ಊರಿನಲ್ಲಿ ಬರೆಯಬಲ್ಲ ಇನ್ನಿಬ್ಬರನ್ನೂ ಕರೆದು, ಎರಡು ದಿನ ಬುಟ್ಟಿಯನ್ನು ಅವರ ಕೈಗೆ ಕೊಟ್ಟು, ನಿಮ್ಮ ಕೋಣೆಯಲ್ಲೇ ಹೊಸ ಬುಟ್ಟಿಗಳಿಗೆ ಬರೆಸಿ. ಹೊಸವು ಗದ್ದೆಗೆ ಹೋಗಲಿ. ಕರೆಯುವಾಗ ಸಮಿತಿಯ ಪತ್ರ ಕಳುಹಿಸಬೇಡಿ, ಮನೆಗೆ ಹೋಗಿ ಕರೆಯಿರಿ. ಕಳೆದ ವರ್ಷ ಬರಿಗೈಯಲ್ಲಿ ಕಳುಹಿಸಿದ್ದೀರಿ ಎಂಬುದು ನೆನಪಿರಲಿ.

ಕಂಡುಗ (ಉತ್ತರ):

ನನ್ನ ಗಮನ ಸೆಳೆದದ್ದು ನಿಮ್ಮ ಕೊಳಗಗಳು ಮತ್ತು ಗೇಣಿ ಚೀಟಿಯ ಟ್ರಂಕು. ಸಾಗರ ತಾಲ್ಲೂಕಿನಲ್ಲಿ ಕೊಳಗವೆಂದರೆ ಬರಿಯ ಅಳತೆಯ ಪಾತ್ರೆಯಲ್ಲ. 1951ರ ಏಪ್ರಿಲ್‌ನಲ್ಲಿ ಆರಂಭವಾದ ಕಾಗೋಡು ಸತ್ಯಾಗ್ರಹದ ಮೂಲದಲ್ಲಿದ್ದದ್ದು ಗೇಣಿ ಭತ್ತವನ್ನು ಎಷ್ಟು ದೊಡ್ಡ ಕೊಳಗದಲ್ಲಿ ಅಳೆಯಬೇಕೆಂಬ ಜಗಳವೇ. 20 ಕೊಳಗಕ್ಕೆ ಒಂದು ಕಂಡುಗ. ಕೊಳಗವೊಂದಕ್ಕೆ ಒಂದು ಹಿಡಿ ಹೆಚ್ಚಾದರೂ ಕಂಡುಗಕ್ಕೆ ಇಪ್ಪತ್ತು ಹಿಡಿ, ಹತ್ತಾರು ಕಂಡುಗ ಗೇಣಿ ಕೊಡುವವನ ಪಣತದಲ್ಲಿ, ಅಂದರೆ ಭತ್ತದ ಕಣಜದಲ್ಲಿ, ಅದೆಷ್ಟು ತಿಂಗಳ ಊಟವಾಗುತ್ತಿತ್ತೆಂದು ಲೆಕ್ಕ ಹಾಕಿ ನೋಡಿ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದದ್ದು ಈ ಹೋರಾಟದಲ್ಲಿಯೇ.

ಆದ್ದರಿಂದ ನಿಮ್ಮಲ್ಲಿ ಒಂದಕ್ಕಿಂತ ಹೆಚ್ಚು ಕೊಳಗಗಳಿದ್ದರೆ, ಒಂದು ಭಾನುವಾರ ಒಂದು ಚೀಲ ಭತ್ತ ತರಿಸಿ, ಊರಿನವರ ಎದುರಿನಲ್ಲಿ ಪ್ರತಿಯೊಂದರಿಂದಲೂ ಅಳೆಸಿ. ಯಾವುದು ಎಷ್ಟು ಹಿಡಿಯುತ್ತದೆಂಬುದನ್ನು ಬರೆದಿಡಿ. ಯಾವ ಕೊಳಗ ಒಡೆಯರ ಮನೆಯದು, ಯಾವುದು ಗೇಣಿದಾರರ ಮನೆಯದು ಎಂಬುದು ವಹಿಯಲ್ಲಿದ್ದರೆ ಅದನ್ನೂ ಹೇಳಿ. ವ್ಯತ್ಯಾಸ ಕಾಣಬಹುದು, ಕಾಣದೆಯೂ ಇರಬಹುದು. ಏನೇ ಬಂದರೂ ಅಂದಿನದನ್ನು ಕೇಳಿ ಬೆಳೆದ ಹಿರಿಯರು ಆ ದಿನ ಸುಮ್ಮನೆ ಕುಳಿತಿರುವುದಿಲ್ಲ. ಎರಡೂ ಕಡೆಯ ಮನೆಗಳವರನ್ನು ಕರೆಯಿರಿ, ಒಂದು ಕಡೆಯವರ ಮಾತನ್ನಷ್ಟೇ ಚೀಟಿಯಲ್ಲಿ ಬರೆದು ಅಂಟಿಸಬೇಡಿ.

ಚೀಟಿಗಳ ವಿಷಯದಲ್ಲಿ ಮಾತ್ರ ನಿಮ್ಮ ಹುಡುಗರ ಉತ್ಸಾಹಕ್ಕೆ ತಡೆ ಹಾಕಬೇಕು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ ಉಳುವ ಜಮೀನಿನ ಹಕ್ಕು ಕೋರಿ ಗೇಣಿದಾರರು ಹಾಕಿದ ಏಳನೇ ನಮೂನೆಯ ಅರ್ಜಿಗಳಿಗೆ ಇಂಥ ಚೀಟಿಗಳೇ ಆಧಾರವಾಗಿದ್ದವು. ಅರ್ಜಿ ಹಾಕಿದವರ, ಹಾಕಲಾಗದೆ ಜಮೀನು ಬಿಟ್ಟವರ ಮೊಮ್ಮಕ್ಕಳು ಇಂದಿಗೂ ಪಕ್ಕಪಕ್ಕದ ಮನೆಗಳಲ್ಲಿದ್ದಾರೆ. ಹೆಸರು, ಜಾತಿ, ಬಾಕಿಯ ಮೊತ್ತ ಎಲ್ಲವೂ ಇರುವ ಕಾಗದವನ್ನು ಜಗತ್ತಿಗೆಲ್ಲ ತೆರೆದಿಡುವುದು ಬೇರೆ, ಆಯಾ ಮನೆಯವರು ಬಂದು ಕೇಳಿದಾಗ ಕೋಣೆಯಲ್ಲಿ ಕುಳ್ಳಿರಿಸಿ ಓದಿಸುವುದು ಬೇರೆ. ಸದ್ಯಕ್ಕೆ ಎರಡನೆಯದೇ ಸಾಕು ಎಂದು ನನ್ನ ಅಭಿಪ್ರಾಯ.

ಹಿನ್ನೀರು (ಉತ್ತರ):

ಅಂತರಜಾಲದ ಪರವಾಗಿ ನಾನೊಬ್ಬನಾದರೂ ಮಾತಾಡಬೇಕು. ಮೆಟ್ಟುಗತ್ತಿ, ಗೊರಬು, ಚೆನ್ನೆಮಣೆಗಳ ಚಿತ್ರಗಳನ್ನು ನೀವೇ ತೆಗೆದು, ಕನ್ನಡದ ವಿವರಣೆಯೊಂದಿಗೆ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿದರೆ ಬೆಂಗಳೂರಿನಲ್ಲಿರುವ ನಿಮ್ಮೂರಿನ ಮಕ್ಕಳಿಗೂ ಅವು ದೊರೆಯುತ್ತವೆ. ಆದರೆ ಹಳೆಯ ಛಾಯಾಚಿತ್ರಗಳನ್ನು ಹಾಗೆ ಏರಿಸುವಂತಿಲ್ಲ, ಏಕೆಂದರೆ ಪ್ರತಿಯನ್ನು ಮನೆಯವರು ಕೊಟ್ಟರೂ ತೆಗೆದ ಸ್ಟುಡಿಯೋದವರ ಹಕ್ಕು ಬೇರೆಯಾಗಿಯೇ ಉಳಿದಿರಬಹುದು.

ಮುಳುಗಡೆಯ ಊರುಗಳ ಚಿತ್ರಗಳಿಗಂತೂ ಇನ್ನೊಂದು ದಾರಿ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಹೊತ್ತಿಗೆ ಎದ್ದ ಕುಟುಂಬಗಳು ಸಾಗರದಲ್ಲಷ್ಟೇ ಅಲ್ಲ, ಶಿವಮೊಗ್ಗ, ಶಿಕಾರಿಪುರದ ಕಡೆಯ ಕಾಡಂಚಿನಲ್ಲೂ ಚದುರಿವೆ. ಅಂದು ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ, ಮೊಬೈಲಿನ ಪುಟ್ಟ ಪರದೆಯಲ್ಲಿ ಅವರಿಗೆ ಮುಖ ಕಾಣುವುದಿಲ್ಲ. ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ, ಅವರಿರುವಲ್ಲಿಗೇ ಒಯ್ದು, ಹಿಂಬದಿಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಸಿಕೊಳ್ಳಿ. ಒಂದು ಪ್ರತಿಯನ್ನು ಅಲ್ಲೇ ಬಿಟ್ಟು ಬನ್ನಿ.

ನಿಮ್ಮ ಊರಿನಲ್ಲಿ ಶಾಸನವಿದ್ದರೆ ಶಾಸನಗಳ ಪಾಠವನ್ನು ಕೊಡುವ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಎಂಟನೆಯ ಸಂಪುಟವನ್ನು ತೆಗೆದು ನೋಡಿ. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಆ ಸಂಪುಟದಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳಿವೆ. ಕಲ್ಲು ಇದ್ದಲ್ಲೇ ಇರಲಿ, ಅದರ ಪಾಠವನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಪಕ್ಕದಲ್ಲಿ ನಿಲ್ಲಿಸಿದರೆ ಅದೂ ನಿಮ್ಮ ಸಂಗ್ರಹಾಲಯದ ಭಾಗವೇ ಆದೀತು.

ಅಟ್ಟದಮನೆ (ಪ್ರಶ್ನೆ ಕೇಳಿದವರು):

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ವಹಿಯನ್ನು ತೆಗೆದು ನೋಡಿದೆವು. ಹಳೆಯ ದಫ್ತರದವರು ಊಹಿಸಿದ್ದಕ್ಕಿಂತ ಕಡೆಯಾಗಿದೆ, ‘ಬುಟ್ಟಿ 1’ ಎಂದಷ್ಟೇ ಇದೆ, ಬಿದಿರು ಎಂಬುದೂ ಇಲ್ಲ. ಕೊಳಗಗಳು ಮೂರಿವೆ, ಮೂರೂ ಯಾವ ಮನೆಯವೆಂದು ಬರೆದಿಲ್ಲ. ಕೊಟ್ಟವರು ಯಾರೆಂದು ಸಮಿತಿಯ ಇಬ್ಬರಿಗೆ ನೆನಪಿದೆ, ಆದರೆ ಇಬ್ಬರ ನೆನಪೂ ಒಂದಕ್ಕೊಂದು ಹೊಂದುವುದಿಲ್ಲ. ಗೇಣಿ ಚೀಟಿಗಳನ್ನು ಏರಿಸುವ ಮಾತನ್ನು ಸದ್ಯಕ್ಕೆ ಕೈಬಿಟ್ಟಿದ್ದೇವೆ.

ಪುಂಡಿನಾರು ಅಕ್ಕನವರು ಹೇಳಿದಂತೆ ನಿನ್ನೆ ಸಂಜೆ ನಾವಿಬ್ಬರು ಆ ಹೆಣ್ಣುಮಗಳ ಮನೆಗೆ ಹೋಗಿದ್ದೆವು. ಮೊದಲಿಗೆ ಹೆಚ್ಚು ಮಾತಾಡಲಿಲ್ಲ. ಕಾಫಿ ಕೊಟ್ಟ ಮೇಲೆ, ಬುಟ್ಟಿಯನ್ನು ತಮ್ಮ ಮಡಿಲಿಗೇ ಕೊಡುತ್ತೀರಾ ಅಥವಾ ಮೇಜಿನ ಮೇಲಿಟ್ಟು ತೋರಿಸುತ್ತೀರಾ ಎಂದು ಕೇಳಿದರು. ಮಡಿಲಿಗೇ ಎಂದೆವು. ಹಾಗಾದರೆ ದೊಡ್ಡಮ್ಮನನ್ನೂ ಕರೆತರುತ್ತೇನೆ, ಅವ್ವನಿಗೆ ಬರೆಯಲು ಕಲಿಸಿದವರು ಅವರೇ ಎಂದರು.