ಹತ್ತಿರದ್ದೇ ಜಾಸ್ತಿ ಹೊಳೆಯುವುದಾದರೆ ಅಗಸ್ತ್ಯ ಯಾಕೆ ಹೀಗೆ?

ಪೆರ್ಲದ ತೋಟದವ:
ನಮ್ಮಲ್ಲಿ ಈಗ ಅಂಗಳ ತುಂಬ ಅಡಿಕೆ ಒಣಗುತ್ತಾ ಉಂಟು. ಊಟ ಮುಗಿಸಿ ಜಗಲಿಯಲ್ಲಿ ಕೂತರೆ ಆಕಾಶ ನೋಡುವುದೇ ಕೆಲಸ. ಎಲ್ಲ ನಕ್ಷತ್ರ ಒಂದೇ ಹಾಗೆ ಯಾಕೆ ಹೊಳೆಯುವುದಿಲ್ಲ ಅಂತ ಏಳನೇ ಕ್ಲಾಸಿನ ಮಗಳು ಕೇಳಿದಳು. ಹತ್ತಿರ ಇರುವುದು ಜಾಸ್ತಿ ಹೊಳೆಯುತ್ತದೆ ಅಂದುಬಿಟ್ಟೆ. ಅವಳು ಫೋನಿನಲ್ಲಿ ಆ್ಯಪ್ ತೆರೆದಳು. ಎಲ್ಲಕ್ಕಿಂತ ಹೊಳೆಯುವುದು ಲುಬ್ಧಕ, ದೂರ 8.6 ಜ್ಯೋತಿರ್ವರ್ಷ. ಸರಿ. ಎರಡನೆಯದು ಅದರ ಕೆಳಗೆ, ದಕ್ಷಿಣದ ತೆಂಗಿನ ತಲೆಯ ಮೇಲಿರುವ ಅಗಸ್ತ್ಯ. ದೂರ ಸುಮಾರು 310! ಆ್ಯಪ್ ತಪ್ಪಿರಬೇಕು ಅಂತ ಹೇಳಿ ನೋಡಿದೆ, ನಡೆಯಲಿಲ್ಲ. ತಿಳಿದವರು ಹೇಳಿ ಮಾರಾಯ್ರೆ.

ಕುಂಬಳೆ ಕಡಲಬದಿ:
ಆ್ಯಪ್ ಸರಿಯೇ ಉಂಟು ಅಣ್ಣ. ರಾತ್ರಿ ಕಡಲ ಕರೆಗೆ ಬನ್ನಿ. ದೂರದಲ್ಲಿ ಬೋಟಿನ ದೊಡ್ಡ ಲೈಟು, ಹತ್ತಿರದ ದೋಣಿಯಲ್ಲಿ ಟಾರ್ಚು. ಕಣ್ಣಿಗೆ ಎರಡೂ ಹೆಚ್ಚುಕಮ್ಮಿ ಒಂದೇ. ಲುಬ್ಧಕ ಸುಮಾರು 25 ಸೂರ್ಯರಷ್ಟು ಬೆಳಕಿನ ಟಾರ್ಚು. ಅಗಸ್ತ್ಯ ಹತ್ತಿರ ಹತ್ತಿರ 10,000 ಸೂರ್ಯರ ಬೋಟ್ ಲೈಟು. ಅದನ್ನು ಲುಬ್ಧಕನ ಜಾಗಕ್ಕೆ ತಂದಿಟ್ಟರೆ ಶುಕ್ರನನ್ನೂ ಮೀರಿಸಿ ನಿಮ್ಮ ಅಂಗಳದಲ್ಲಿ ನೆರಳು ಬೀಳಿಸೀತು.

ಉಪ್ಪಳದ ನಿವೃತ್ತ ಮೇಷ್ಟ್ರು:
ಸೂರ್ಯನನ್ನು ಬಿಟ್ಟರೆ ನಮಗೆ ತೀರ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ, 4.24 ಜ್ಯೋತಿರ್ವರ್ಷ. ಅದು ಬರಿಗಣ್ಣಿಗೆ ಕಾಣುವುದೇ ಇಲ್ಲ, ಅಷ್ಟು ಮಂಕು! ಇದನ್ನು ಮಗುವಿಗೆ ಹೇಳಿ. ಇನ್ನೊಂದು, ದೂರ ಎರಡು ಪಟ್ಟಾದರೆ ನಮಗೆ ಸಿಗುವ ಬೆಳಕು ಅರ್ಧ ಅಲ್ಲ, ಕಾಲು. ಮೂರು ಪಟ್ಟಾದರೆ ಒಂಬತ್ತರಲ್ಲೊಂದು. ಮಕ್ಕಳು (ದೊಡ್ಡವರೂ) ಎಡವುವುದು ಇಲ್ಲಿಯೇ.

ಕೃಷಿಕರಿಗೆ ಆರ್ದ್ರಾ ಅಂದರೆ ಮಳೆ. ಆ ಮಳೆಯ ಹೊತ್ತಿಗೆ ಸೂರ್ಯ ಆ ದಿಕ್ಕಿನಲ್ಲೇ ಇರುವುದರಿಂದ ಮೋಡ ಇಲ್ಲದಿದ್ದರೂ ನಕ್ಷತ್ರ ಕಾಣದು. ಈಗ ನೋಡಿ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲಲ್ಲಿ ಕೆಂಪಗೆ ಕೂತಿದೆ. ಅದರ ಮೈ ಸೂರ್ಯನಿಗಿಂತ ತಂಪು, ಸುಮಾರು 3,500 ಕೆಲ್ವಿನ್. ಆದರೆ ಅಗಲ ಸೂರ್ಯನ ನೂರಾರು ಪಟ್ಟು, ಹಾಗಾಗಿ ಒಟ್ಟು ಬೆಳಕಿಗೆ ಕೊರತೆಯಿಲ್ಲ. 2019ರ ಕೊನೆಗೆ ಮಂಕಾಗತೊಡಗಿ 2020ರ ಫೆಬ್ರವರಿಯಲ್ಲಿ ಬರಿಗಣ್ಣಿಗೇ ಗೊತ್ತಾಗುವಷ್ಟು ಇಳಿದಿತ್ತು. ತಾನೇ ಹೊರಗೆ ಚೆಲ್ಲಿದ ಅನಿಲ ಧೂಳಾಗಿ ಅಡ್ಡ ನಿಂತದ್ದು. ನಾನು ದಿನಾ ತಾರಸಿ ಹತ್ತಿ ನೋಡುತ್ತಿದ್ದೆ, ಮನೆಯವಳ ಬೈಗುಳದೊಂದಿಗೆ.

ಪೆರ್ಲದ ತೋಟದವ:
ಮೇಷ್ಟ್ರೇ, ನಿನ್ನೆ ತೋಟದ ದಾರಿಯಲ್ಲಿ ಪರೀಕ್ಷೆಯೇ ಆಯಿತು. ಮಗಳು ಒಂದು ಕಡೆ ನಿಂತಳು. ಫೋನಿನ ಟಾರ್ಚನ್ನು ಹತ್ತು ಹೆಜ್ಜೆ ದೂರದಲ್ಲಿ ಕಲ್ಲಿನ ಮೇಲೆ ಇಟ್ಟು, ಹಂದಿ ಓಡಿಸುವ ಹೆಡ್‌ಲೈಟ್ ಹಿಡಿದು ನಾನು ಹಿಂದೆ ಹಿಂದೆ ಹೋದೆ. ನಲವತ್ತು ಹೆಜ್ಜೆಗೆ "ಸಾಕು, ಈಗ ಎರಡೂ ಒಂದೇ" ಅಂದಳು. ದೂರ ನಾಲ್ಕು ಪಟ್ಟು, ಹಾಗಾದರೆ ಹೆಡ್‌ಲೈಟಿನ ಬೆಳಕು ಹದಿನಾರು ಪಟ್ಟು ಅಂತ ಲೆಕ್ಕವನ್ನೂ ಅವಳೇ ಹಾಕಿದಳು. ನನಗೆ ಕಾಲಿಗೆ ಉಂಬುಳ ಹತ್ತದ್ದೇ ಪುಣ್ಯ.

ಒಂದು ಬಾಕಿ ಉಂಟು. ಏಳೂವರೆಗೆ ಗುಡ್ಡದ ಅಂಚಿನಲ್ಲಿ ಮಂಕಾಗಿದ್ದ ಅಗಸ್ತ್ಯ ಹನ್ನೊಂದಕ್ಕೆ ಚೆನ್ನಾಗಿ ಹೊಳೆಯಿತು. ಅದೂ ಧೂಳಾ?

ಕುಂಬಳೆ ಕಡಲಬದಿ:
ಅದು ನಮ್ಮದೇ ಗಾಳಿ ಅಣ್ಣ. ಅಂಚಿನಲ್ಲಿದ್ದಾಗ ಬೆಳಕು ಓರೆಯಾಗಿ ತುಂಬ ಗಾಳಿ ದಾಟಿ ಬರಬೇಕು, ಮೇಲೆ ಬಂದಂತೆ ಕಡಿಮೆ. ಮುಳುಗುವ ಸೂರ್ಯನನ್ನು ನೀವು ಬರಿಗಣ್ಣಲ್ಲಿ ನೋಡುವುದಿಲ್ಲವಾ, ಹಾಗೆಯೇ.