ಬೆಂಡ್ ಬರವಲ್ದು, ಏನ್ ಮಾಡ್ಲಿ? ಬ್ಲೂಸ್ ಮೌತ್ ಆರ್ಗನ್ ಪ್ರಶ್ನೋತ್ತರ

ಪ್ರಶ್ನೆ (ಕೊಪ್ಪಳ): ಸರ್ ನಮಸ್ಕಾರ್ರೀ. ಗವಿಮಠದ ಜಾತ್ರ್ಯಾಗ 24 ತೂತಿನ ಮೌತ್ ಆರ್ಗನ್ ತಗೊಂಡೀನಿ. ಹಾಡೆಲ್ಲಾ ಬರ್ತಾವ. ಆದ್ರ ಅಮೆರಿಕದ ಬ್ಲೂಸ್ ಸಂಗೀತದವ್ರು ಸ್ವರಾನ ಕೆಳಗ ಜಗ್ತಾರಲ್ರೀ, ಆ ಬೆಂಡ್ ಮಾತ್ರ ಮೂರು ತಿಂಗಳಾತು, ಬರವಲ್ದು. ಜೋರಾಗಿ ಎಳದ್ರ ತಲಿ ಸುತ್ತತೈತಿ. ನನ್ನ ಉಸಿರು ಸಾಲವಲ್ದೇನ್ರೀ?

ಉತ್ತರ (ಬಳ್ಳಾರಿ, ಮೌತ್ ಆರ್ಗನ್ ಕಲಿಸುವವರು): ತಮ್ಮಾ, ನಿನ್ನ ಉಸಿರಿನಲ್ಲಿ ಏನೂ ಕೊರತೆ ಇಲ್ಲ. ನಿನ್ನ ಕೈಯಲ್ಲಿರುವುದು ಟ್ರೆಮೊಲೊ. ಅದರಲ್ಲಿ ಒಂದೊಂದು ಸ್ವರಕ್ಕೂ ಎರಡೆರಡು ರೀಡು (ಗಾಳಿಗೆ ಮಿಡಿಯುವ ಲೋಹದ ಪಟ್ಟಿ), ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಶ್ರುತಿ ಬೇರೆ. ಆ ಅಲೆಅಲೆಯಾದ ದನಿ ಅದರಿಂದಲೇ ಬರುವುದು. ಬ್ಲೂಸ್‌ಗೆ ಬೇಕಾದದ್ದು 10 ತೂತಿನ, ಡಯಾಟೊನಿಕ್ ಎನ್ನುವ ಬಗೆಯ ಮೌತ್ ಆರ್ಗನ್. ಅಂಗಡಿಯಲ್ಲಿ ಸಿ ಶ್ರುತಿಯದ್ದನ್ನೇ ಕೇಳು.

ಬೆಂಡ್ ಹೇಗೆ ಆಗುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಡಯಾಟೊನಿಕ್‌ನ ಒಂದು ತೂತಿನೊಳಗೆ ಊದುವ ರೀಡು, ಎಳೆಯುವ ರೀಡು ಎರಡೂ ಒಂದೇ ಗೂಡಿನಲ್ಲಿ ಇರುತ್ತವೆ. ಟ್ರೆಮೊಲೊದಲ್ಲಿ ಪ್ರತಿ ರೀಡಿಗೂ ಬೇರೆ ಗೂಡು. ಉಸಿರೆಳೆಯುತ್ತಾ ಬಾಯೊಳಗಿನ ಜಾಗದ ಆಕಾರ ಬದಲಿಸಿದಾಗ, ಕೆಳಗಿನ ಸ್ವರದ ರೀಡೂ ಮಿಡಿಯಲು ಶುರುಮಾಡಿ ಮೇಲಿನದನ್ನು ತನ್ನ ಕಡೆ ಇಳಿಸಿಕೊಳ್ಳುತ್ತದೆ. ಹಾಗಾಗಿ ಎರಡು ಸ್ವರಗಳ ನಡುವೆ ಎಷ್ಟು ಮನೆ (ಹಾರ್ಮೋನಿಯಂನಲ್ಲಿ ಬಿಳಿ, ಕಪ್ಪು ಸೇರಿ ಒಂದೊಂದು ಕೀಲಿಯೂ ಒಂದು ಮನೆ) ಇವೆಯೋ ಅಷ್ಟೇ ಬೆಂಡ್. ಸಿ ವಾದ್ಯದ 4ನೇ ತೂತಿನಲ್ಲಿ ಊದಿದರೆ ಸಿ, ಎಳೆದರೆ ಡಿ. ನಡುವೆ ಒಂದೇ ಮನೆ, ಒಂದೇ ಬೆಂಡ್. 2ನೆಯದರಲ್ಲಿ ಎರಡು. 3ನೆಯದರಲ್ಲಿ ಜಿ ಮತ್ತು ಬಿ ಇರುವುದರಿಂದ ಮೂರು. 5ನೆಯದರಲ್ಲಿ ಇ, ಎಫ್ ಅಕ್ಕಪಕ್ಕದ ಮನೆ, ಅಲ್ಲಿ ಎಷ್ಟು ಒದ್ದಾಡಿದರೂ ಪೂರ್ತಿ ಬೆಂಡ್ ಸಿಗುವುದಿಲ್ಲ.

ಜೋರಾಗಿ ಎಳೆಯುವುದನ್ನು ಇವತ್ತೇ ಬಿಡು. ವಾದ್ಯ ಪಕ್ಕಕ್ಕಿಟ್ಟು, ಉಸಿರು ಒಳಗೆ ಎಳೆಯುತ್ತಾ ಶಿಳ್ಳೆ ಹಾಕು. ಸಣ್ಣ ದನಿಯಿಂದ ದಪ್ಪ ದನಿಗೆ ಇಳಿ. ನಾಲಿಗೆ ಹಿಂದಕ್ಕೆ ಸರಿಯುವುದು ಗೊತ್ತಾಗುತ್ತದೆ. ಅದೇ ಚಲನೆ 4ನೇ ತೂತಿನ ಮೇಲೆ ಬೇಕು: 'ಈ' ಎಂದು ಶುರುಮಾಡಿ ಮೆಲ್ಲಗೆ 'ಊ' ಕಡೆಗೆ. ಮೂಗಿನಿಂದ ಗಾಳಿ ಸೋರಿದರೂ ಬೆಂಡ್ ಬರುವುದಿಲ್ಲ, ಅದನ್ನು ಬಹಳ ಜನ ಗಮನಿಸುವುದೇ ಇಲ್ಲ. ದಿನಕ್ಕೆ ಹತ್ತು ನಿಮಿಷ ಸಾಕು. ತಲೆ ಸುತ್ತಿದರೆ ನಿಲ್ಲಿಸಿ ಕೂತುಕೋ.

ಪ್ರಶ್ನೆ (ರಾಯಚೂರು): ನಾನು ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸ್ತೀನಿ ಸರ್. ಮಗ ಬ್ಲೂಸ್ ಕಲಿಯಾಕ ಹತ್ಯಾನ. ಸಿ ವಾದ್ಯ ಹಿಡಕೊಂಡು ಜಿ ಶ್ರುತಿಯಲ್ಲಿ ನುಡಿಸ್ತಾನ, ಯಾಕಂತ ತಿಳೀವಲ್ದು. ಅವನಿಗೆ ನಾನೇನಾದ್ರೂ ಸಹಾಯ ಮಾಡಬಹುದಾ?

ಉತ್ತರ: ಅಕ್ಕಾರೇ, ನಿಮ್ಮ ಮಗನಿಗೆ ಮನೆಯಲ್ಲೇ ಹಾರ್ಮೋನಿಯಂ ಇರುವುದು ದೊಡ್ಡ ಭಾಗ್ಯ. ಜರ್ಮನಿಯ ಹೋನರ್ ಕಂಪನಿ 1896ರಲ್ಲಿ ತಂದ 'ಮರೀನ್ ಬ್ಯಾಂಡ್'ನಂಥ ವಾದ್ಯಗಳಲ್ಲಿ ಊದಿದರೆ ವಾದ್ಯದ ಸ್ವಂತ ಶ್ರುತಿಯ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಬರುತ್ತದೆ. ಅಮೆರಿಕದ ದಕ್ಷಿಣದ ಕಪ್ಪು ಜನಾಂಗದ ಕಲಾವಿದರು ಅದನ್ನು ತಿರುಗಿಸಿ, ಎಳೆಯುವ ಉಸಿರನ್ನೇ ನೆಲೆ ಮಾಡಿಕೊಂಡರು. 2ರಿಂದ 5ರವರೆಗೆ ಎಳೆದರೆ ಜಿ, ಬಿ, ಡಿ, ಎಫ್. ಅದು ಜಿ7 ಕಾರ್ಡ್, ಬ್ಲೂಸ್‌ನ ಜೀವ. ಕೆಳಗಿನ ತೂತುಗಳ ಬೆಂಡ್‌ಗಳೆಲ್ಲ ಎಳೆಯುವ ಕಡೆಯಲ್ಲೇ ಇರುವುದರಿಂದ ಈ ಕ್ರಮ ಅಷ್ಟು ಒಪ್ಪುತ್ತದೆ.

ಈಗ ನಿಮ್ಮ ಹಾರ್ಮೋನಿಯಂನ ಬಿಳಿ 5ನ್ನು, ಅಂದರೆ ಜಿಯನ್ನು, ಷಡ್ಜ ಮಾಡಿಕೊಳ್ಳಿ. ಬ್ಲೂಸ್ ಸ್ವರಗಳು ಸಾ, ಕೋಮಲ ಗಾ, ಮಾ, ತೀವ್ರ ಮಾ, ಪಾ, ಕೋಮಲ ನೀ. ನಿಮ್ಮ ಧಾನಿ ರಾಗದ ಸ್ವರಗಳಿಗೆ ತೀವ್ರ ಮಧ್ಯಮ ಸೇರಿಸಿದಂತೆ. ನಡೆ ಬೇರೆಯೇ, ಧಾನಿ ಎಂದುಕೊಂಡು ಹಾಡಬೇಡಿ. ವಾದ್ಯದಲ್ಲಿ ಅದು ಹೀಗೆ: 2 ಎಳೆ ಸಾ, 3 ಎಳೆದು ಒಂದು ಮನೆ ಇಳಿಸಿದರೆ ಕೋಮಲ ಗಾ, 4 ಊದು ಮಾ, 4 ಎಳೆದು ಇಳಿಸಿದರೆ ತೀವ್ರ ಮಾ, ಹಾಗೇ ಬಿಟ್ಟರೆ ಪಾ, 5 ಎಳೆ ಕೋಮಲ ನೀ, 6 ಊದು ಮೇಲಿನ ಸಾ.

ನೀವು ಮಾಡಬೇಕಾದದ್ದು ಇಷ್ಟು. ಮಗ 3ನೇ ತೂತು ಎಳೆಯಲಿ, ಅದು ಬಿಳಿ 7. ಆಮೇಲೆ ನೀವು ಕಪ್ಪು 5 ಹಿಡಿದು ನಿಲ್ಲಿ, ಅವನು ಅಲ್ಲಿಗೆ ಇಳಿಯಲಿ. ನಂತರ ಬಿಳಿ 6, ಕಡೆಗೆ ಕಪ್ಪು 4. ಮೂರೂ ಕಡೆ ಅಲುಗಾಡದೆ ನಿಲ್ಲುವುದಕ್ಕೆ ನನ್ನ ವಿದ್ಯಾರ್ಥಿಗಳಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಮೊದಲು ಆ ಸ್ವರವನ್ನು ಬಾಯಲ್ಲಿ ಹಾಡಲಿ, ಆಮೇಲೆ ನುಡಿಸಲಿ. ಹಾಡಲು ಬಾರದ ಸ್ವರ ಬೆಂಡ್‌ನಲ್ಲೂ ನಿಲ್ಲುವುದಿಲ್ಲ. ಇನ್ನೊಂದು ಸೂಕ್ಷ್ಮ: ಬ್ಲೂಸ್‌ನ ಗಾಂಧಾರ ಬಹಳ ಸಲ ಕೋಮಲ, ಶುದ್ಧ ಎರಡರ ನಡುವೆ ಇರುತ್ತದೆ. ಅದು ಹಾರ್ಮೋನಿಯಂನಲ್ಲಿ ಇಲ್ಲ, ಕಿವಿಯಿಂದಲೇ ಹಿಡಿಯಬೇಕು.

ಕೊಪ್ಪಳ: ಸರ್, 10 ತೂತಿಂದು ತಗೊಂಡೆ. 4ರಾಗ ಸ್ವಲ್ಪ ಕೆಳಗ ಬಂತ್ರೀ! ಆದ್ರ 2 ಎಳದ್ರ ಬರೀ ಗೊರಗೊರ ಅಂತೈತಿ. ರೀಡು ಕೆಟ್ಟೈತೇನ್ರೀ?

ಉತ್ತರ: ಬಂತಲ್ಲಾ, ಸಂತೋಷ! ರೀಡು ಕೆಟ್ಟಿರಲಿಕ್ಕಿಲ್ಲ. ಹೊಸಬರಿಗೆಲ್ಲ 2ನೆಯದು ಹೀಗೇ ಕಾಡುತ್ತದೆ, ಗೊತ್ತಿಲ್ಲದೆ ಅರ್ಧ ಬೆಂಡ್ ಮಾಡಿರುತ್ತಾರೆ. 3 ಊದಿದರೂ 2 ಎಳೆದರೂ ಒಂದೇ ಜಿ ಸ್ವರ. ಮೊದಲು 3 ಊದಿ ಕೇಳು, ಅದೇ ದನಿ 2ರಲ್ಲಿ ಬರುವವರೆಗೆ ದವಡೆ ಸಡಿಲ ಬಿಟ್ಟು, ಆಕಳಿಸುವಾಗಿನ ಹಾಗೆ ಗಂಟಲು ತೆರೆದು ಮೆಲ್ಲಗೆ ಎಳೆ.

ಪ್ರಶ್ನೆ (ಬಳ್ಳಾರಿ, ಕೌಲ್ ಬಜಾರ್): ಸರ್, ಬ್ಲೂಸ್‌ನಲ್ಲಿ 12 ಬಾರ್ ಅಂತಾರಲ್ಲ, ಎಣಿಸುವಾಗ ಮಧ್ಯದಲ್ಲಿ ದಾರಿ ತಪ್ಪುತ್ತೆ. ಇನ್ನೊಂದು, ನಮ್ಮ ಬಿಸಿಲು, ಧೂಳಿನಲ್ಲಿ ವಾದ್ಯ ಹೇಗೆ ಕಾಪಾಡ್ಲಿ?

ಉತ್ತರ: 12 ಎಂದು ಎಣಿಸಬೇಡಿ. ನಾಲ್ಕು ಬಾರ್‌ನ (ಬಾರ್ ಅಂದರೆ ತಾಳದ ಒಂದು ಸುತ್ತು) ಮೂರು ಸಾಲು ಎಂದುಕೊಳ್ಳಿ. ಹಾಡುವವರು ಒಂದು ಸಾಲು ಹೇಳಿ, ಅದನ್ನೇ ಮತ್ತೆ ಹೇಳಿ, ಮೂರನೆಯದರಲ್ಲಿ ಜವಾಬು ಕೊಡುವುದೇ ಹೆಚ್ಚು. ಮೊದಲ ಸಾಲು ಪೂರ್ತಿ ಜಿ. ಎರಡನೆಯದು ಎರಡು ಬಾರ್ ಸಿ, ಎರಡು ಬಾರ್ ಜಿ. ಮೂರನೆಯದು ಡಿ, ಸಿ, ಜಿ, ಕಡೆಯ ಬಾರ್ ಡಿಗೆ ಬಂದು ಮತ್ತೆ ಮೇಲಕ್ಕೆ. ಬಾರ್‌ಗೆ ನಾಲ್ಕು ಏಟು, ಪ್ರತಿ ಏಟಿಗೆ 'ತಕಿಟ' ಅನ್ನಿ, 'ಕಿ' ಮಾತ್ರ ಮನಸ್ಸಿನಲ್ಲಿ. ಆ ಕುಂಟು ನಡೆಯೇ ಶಫಲ್. ಮೊದಲ ವಾರ ಸ್ವರ ಬೇಡ: ಜಿ ಬಂದಾಗ 2-3-4 ಎಳೆಯಿರಿ, ಸಿ ಬಂದಾಗ 1-2-3 ಊದಿ, ಡಿ ಬಂದಾಗ 4 ಒಂದನ್ನೇ ಎಳೆಯಿರಿ. ಕಾಲಿನಿಂದ ತಾಳ ಹಾಕುತ್ತಿರಿ.

ಕಾಪಾಡುವುದು ಕಷ್ಟವಲ್ಲ. ಒಗ್ಗರಣೆ-ಮಿರ್ಚಿ ತಿಂದು ಬಾಯಿ ಮುಕ್ಕಳಿಸದೆ ಮುಟ್ಟಬೇಡಿ. ನುಡಿಸಿದ ಮೇಲೆ ತೂತುಗಳನ್ನು ಕೆಳಮುಖ ಮಾಡಿ ಅಂಗೈಗೆ ತಟ್ಟಿ, ಒಣಗಿದ ಮೇಲೆ ಡಬ್ಬಿಯಲ್ಲಿಡಿ. ಒಳಗೆ ಗೂಡುಗಳಿರುವ ಚೌಕಟ್ಟು (ಬಾಚಣಿಗೆ ಅನ್ನುತ್ತಾರೆ) ಮರದ್ದಾದರೆ ತೇವಕ್ಕೆ ಉಬ್ಬುತ್ತದೆ, ಹೊಸಬರಿಗೆ ಪ್ಲಾಸ್ಟಿಕ್‌ನದೇ ಒಳ್ಳೆಯದು. ಮೇ ತಿಂಗಳಲ್ಲಿ ಬೈಕಿನ ಡಿಕ್ಕಿಯಲ್ಲಂತೂ ಇಡಲೇಬೇಡಿ.