ಟ್ಯೂನ್ ಮಾಡಿಸಿದ ಮೇಲೆ ಟ್ರೇಲರ್ ಎಳೆಯುವಾಗ ಏರಿನಲ್ಲಿ ಲಿಂಪ್ ಮೋಡ್: ಟರ್ಬೊ ಹೋಗಿದೆಯಾ?

ಏರುಹಾದಿ:
ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ. 2.3 ಲೀಟರ್ ಟರ್ಬೊ ಡೀಸೆಲ್ ಮೋಟರ್‌ಹೋಮ್. ಕಂಪನಿಯಿಂದ ಬಂದಾಗ 130 ಎಚ್‌ಪಿ, 320 ಎನ್‌ಎಂ ಟಾರ್ಕ್. 6 ಗೇರಿನ ಆಟೊಮ್ಯಾಟಿಕ್, ಟಾರ್ಕ್ ಕನ್ವರ್ಟರ್ (ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಆಯಿಲ್ ಮೂಲಕ ಶಕ್ತಿ ದಾಟಿಸುವ ಭಾಗ) ಇರುವುದು. ಸಾಮಾನು ಸಮೇತ ಗಾಡಿ 3,500 ಕೆಜಿ, ಹಿಂದೆ ಸಣ್ಣ ಕಾರು ಹೇರಿದ ಟ್ರೇಲರ್ 1,500 ಕೆಜಿ. ಏರಿನಲ್ಲಿ ತೀರಾ ತೆವಳುತ್ತಿತ್ತು, ಅದಕ್ಕೇ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಅದರ ಫೈಲ್ ಬದಲಿಸಿ ಟ್ಯೂನ್ (ರೀಮ್ಯಾಪ್) ಮಾಡಿಸಿದೆ. ಈಗ 160 ಎಚ್‌ಪಿ, 400 ಎನ್‌ಎಂ ಅಂತ ಒಂದು ಶೀಟ್ ಕೊಟ್ಟಿದ್ದಾರೆ.

ಸಮತಟ್ಟು ರಸ್ತೆಯಲ್ಲಿ ಪಿಕಪ್ ಸೂಪರ್. ಟ್ರೇಲರ್ ಇಲ್ಲದೆ ಏರಿದರೂ ತೊಂದರೆ ಇಲ್ಲ. ಟ್ರೇಲರ್ ಹಾಕಿಕೊಂಡು ಉದ್ದದ ಏರು ಹತ್ತಿದಾಗ ಮಾತ್ರ, ಸ್ವಲ್ಪ ಹೊತ್ತು ಚೆನ್ನಾಗಿ ಎಳೆದು, ಒಮ್ಮೆಲೇ ದಮ್ಮು ಹೋಗುತ್ತದೆ, ಎಂಜಿನ್ ಲೈಟ್ ಹತ್ತಿಕೊಳ್ಳುತ್ತದೆ, 3,000 ಆರ್‌ಪಿಎಂ ದಾಟುವುದೇ ಇಲ್ಲ, ಅದೇ ಲಿಂಪ್ ಮೋಡ್, ಎಂಜಿನ್ ಉಳಿಸೋಕೆ ಇಸಿಯು ಪವರ್ ಇಳಿಸುವುದು. ಪಕ್ಕಕ್ಕೆ ಹಾಕಿ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತದೆ. ಸ್ಕ್ಯಾನರ್‌ನಲ್ಲಿ ಪಿ0299. ಟ್ಯೂನ್ ಮಾಡಿದವರು "ನಮ್ಮ ಫೈಲ್ ಸರಿ ಇದೆ, ಟರ್ಬೊ ಹೋಗಿದೆ, ಹೊಸದು ಹಾಕಿಸಿ" ಅನ್ನುತ್ತಿದ್ದಾರೆ. ಹಾಕಿಸಬೇಕಾ?

ಗ್ರೀಸ್‌ಕೈ:
ಟರ್ಬೊಗೆ ಈಗಲೇ ದುಡ್ಡು ಸುರಿಯಬೇಡಿ ಸರ್. ಪಿ0299 ಅಂದರೆ ಇಸಿಯು ಕೇಳಿದಷ್ಟು ಬೂಸ್ಟ್ (ಟರ್ಬೊ ಎಂಜಿನ್‌ಗೆ ತಳ್ಳುವ ಗಾಳಿಯ ಒತ್ತಡ) ಸಿಗುತ್ತಿಲ್ಲ, ಅಷ್ಟೇ. ಯಾಕೆ ಸಿಗುತ್ತಿಲ್ಲ ಅನ್ನೋದನ್ನು ಕೋಡ್ ಹೇಳುವುದಿಲ್ಲ. ಟರ್ಬೊ ಸರಿಯಾಗೇ ಗಾಳಿ ತಳ್ಳುತ್ತಿರಬಹುದು, ಅದು ಎಂಜಿನ್ ಸೇರುವ ಮೊದಲೇ ದಾರಿಯಲ್ಲಿ ಸೋರುತ್ತಿರಬಹುದು. ನನ್ನ ಅನುಮಾನ ಅಲ್ಲೇ. ಕಂಪನಿ ಬೂಸ್ಟ್‌ಗೆ ತಡೆದುಕೊಂಡಿದ್ದ ಹಳೇ ರಬ್ಬರ್ ಹೋಸ್, ಟ್ಯೂನ್ ಆದ ಮೇಲೆ ಜಾಸ್ತಿ ಒತ್ತಡ ಬಿದ್ದಾಗ ಬಾಯಿ ಬಿಡುತ್ತದೆ. ಗಾಡಿ ನಿಲ್ಲಿಸಿ ನೋಡಿದರೆ ಏನೂ ಕಾಣದು, ಒತ್ತಡ ಇಲ್ಲದಾಗ ಸೀಳು ಮುಚ್ಚಿಕೊಂಡೇ ಇರುತ್ತದೆ.

ಮೊದಲು ಇದು ಹೇಳಿ. ಇಸಿಯುಗೆ ಫೈಲ್ ಬರೆದಿದ್ದಾರಾ, ಅಥವಾ ಸೆನ್ಸರ್ ವೈರಿಗೆ ಸಿಕ್ಕಿಸುವ ಬಾಕ್ಸಾ? ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಇದೆಯಾ? ಜೋರಾಗಿ ಎಳೆಯುವಾಗ ಸುಯ್ ಅನ್ನುವ ಸದ್ದು ಬರುತ್ತದಾ?

ಏರುಹಾದಿ:
ಫೈಲ್ ಬರೆದಿದ್ದಾರೆ, ಬಾಕ್ಸ್ ಅಲ್ಲ. ಡಿಪಿಎಫ್ ಇದೆ, ತೆಗೆಸಿಲ್ಲ. ಸದ್ದು ಬರುತ್ತದೆ, ಆದರೆ ನಾನು ಅದನ್ನು ಟರ್ಬೊ ಸದ್ದು ಅಂದುಕೊಂಡು ಖುಷಿಪಡುತ್ತಿದ್ದೆ.

ಗ್ರೀಸ್‌ಕೈ:
ಹ್ಹಹ್ಹ, ಎಲ್ಲರೂ ಖುಷಿಪಡುತ್ತಾರೆ.

ಬಾಕ್ಸ್ ಅಲ್ಲ ಅನ್ನೋದು ಒಳ್ಳೇದಾಯಿತು. ಅಗ್ಗದ ಬಾಕ್ಸ್‌ಗಳು ಮಾಡುವುದು ಇಷ್ಟೇ: ರೈಲ್ ಪ್ರೆಶರ್ (ಇಂಜೆಕ್ಟರ್‌ಗೆ ಹೋಗುವ ಡೀಸೆಲ್‌ನ ಒತ್ತಡ) ಸೆನ್ಸರ್‌ನ ಸಿಗ್ನಲ್ ಇಳಿಸಿ ತೋರಿಸುತ್ತವೆ, ಇಸಿಯು ನಂಬಿಕೊಂಡು ಒತ್ತಡ ಏರಿಸುತ್ತದೆ, ಡೀಸೆಲ್ ಜಾಸ್ತಿ ಹೋಗುತ್ತದೆ. ಆಮೇಲೆ ಸ್ಕ್ಯಾನರ್‌ನಲ್ಲಿ ಕಾಣುವ ರೈಲ್ ಪ್ರೆಶರ್ ಸುಳ್ಳು ಸಂಖ್ಯೆ, ಅದನ್ನು ನೋಡಿ ಸಮಸ್ಯೆ ಹುಡುಕೋಕೆ ಆಗುವುದಿಲ್ಲ.

ಡಿಪಿಎಫ್ ಇದ್ದರೆ ಕಪ್ಪು ಹೊಗೆ ನೋಡಿ ಅಂದಾಜು ಮಾಡುವ ಹಳೇ ವಿದ್ಯೆ ನಡೆಯದು, ಮಸಿಯೆಲ್ಲ ಒಳಗೇ ನಿಲ್ಲುತ್ತದೆ. ಹಾಗಾಗಿ ಲಾಗ್, ಅಂದರೆ ಓಡುವಾಗ ಸ್ಕ್ಯಾನರ್ ತೋರಿಸುವ ಸಂಖ್ಯೆಗಳ ದಾಖಲೆ, ಬೇಕೇ ಬೇಕು. ಅದೇ ಏರು, ಅದೇ ಟ್ರೇಲರ್, ಪಕ್ಕದಲ್ಲಿ ಒಬ್ಬರು ಫೋನ್ ಹಿಡಿದು ಕೂರಲಿ, ನೀವು ರಸ್ತೆ ನೋಡಿ. ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ಕೇಳಿದ ರೈಲ್ ಪ್ರೆಶರ್ ಮತ್ತು ಸಿಕ್ಕಿದ್ದು, ಟರ್ಬೊ ಆಕ್ಚುಯೇಟರ್ (ಬೂಸ್ಟ್ ಹೆಚ್ಚು ಕಡಿಮೆ ಮಾಡುವ ಭಾಗ) ಸ್ಥಾನ, ಕೂಲೆಂಟ್ (ಎಂಜಿನ್ ತಣಿಸುವ ನೀರು), ಗೇರ್‌ಬಾಕ್ಸ್ ಆಯಿಲ್, ಒಳಗೆ ಹೋಗುವ ಗಾಳಿಯ ಬಿಸಿ. ಬೂಸ್ಟ್ ಸಂಖ್ಯೆ ನೋಡಿ ಗಾಬರಿ ಬೀಳಬೇಡಿ, ಸ್ಕ್ಯಾನರ್‌ಗಳು ಸಾಮಾನ್ಯವಾಗಿ ವಾತಾವರಣದ ಒತ್ತಡ ಸೇರಿಸಿ ತೋರಿಸುತ್ತವೆ. ಸಮುದ್ರಮಟ್ಟದಲ್ಲಿ ಎಂಜಿನ್ ಆಫ್ ಇದ್ದಾಗಲೂ 1,013 ಮಿಲಿಬಾರ್ ಆಸುಪಾಸು ಇರುತ್ತದೆ.

ಓದುವುದು ಹೇಗೆ ಅಂದರೆ, ಆಕ್ಚುಯೇಟರ್ ಇಸಿಯು ಹೇಳಿದಂತೆ ಕೊನೆತನಕ ಹೋಗಿಯೂ ಬೂಸ್ಟ್ ಹಿಂದೆ ಬಿದ್ದರೆ ಸೋರಿಕೆ, ಇಲ್ಲವೇ ದಣಿದ ಟರ್ಬೊ. ಆಕ್ಚುಯೇಟರ್ ಮಾತೇ ಕೇಳದಿದ್ದರೆ ಆಕ್ಚುಯೇಟರ್ ತಿರುಗಿಸುವ ಟರ್ಬೊ ಒಳಗಿನ ವೇನ್‌ಗಳಿಗೆ (ಸಣ್ಣ ರೆಕ್ಕೆಗಳಿಗೆ) ಮಸಿ ಹಿಡಿದು ಅಂಟಿಕೊಂಡಿವೆ, ಆಗ ಪಿ0299 ಜೊತೆ ಆಗಾಗ ಪಿ0234, ಅಂದರೆ ಬೂಸ್ಟ್ ಮಿತಿಮೀರಿದ ಕೋಡ್ ಕೂಡ ಬರುವುದುಂಟು. ರೈಲ್ ಪ್ರೆಶರ್ ಕುಸಿದರೆ ಡೀಸೆಲ್ ಫಿಲ್ಟರ್ ಕಡೆ ನೋಡಬೇಕು, ಅದರ ಕೋಡ್ ಪಿ0087, ನಿಮಗೆ ಬಂದಿಲ್ಲ.

ಲೆಕ್ಕದಹುಚ್ಚು:
ನಡುವೆ ಬಾಯಿ ಹಾಕುತ್ತಿದ್ದೇನೆ. ಟ್ರೇಲರ್ ಇದ್ದಾಗ ಮಾತ್ರ ಯಾಕೆ ಆಗುತ್ತದೆ ಅನ್ನೋದಕ್ಕೆ ಲೆಕ್ಕ ನೋಡಿ. ಒಟ್ಟು 5,000 ಕೆಜಿ. 100 ಮೀಟರ್‌ಗೆ 6 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 80 ಕಿಮೀ ಹೋಗೋಕೆ, ಬರೀ ತೂಕ ಎತ್ತೋಕೇ 65 ಕಿಲೋವ್ಯಾಟ್ ಬೇಕು. ಟೈರಿಗೆ 10 ಚಿಲ್ಲರೆ. ಗಾಳಿಗೆ 20 ಅಂತ ಇಟ್ಟುಕೊಳ್ಳಿ, ಮೋಟರ್‌ಹೋಮ್ ಮುಖ ಗೋಡೆ ಥರ ತಾನೆ. ಒಟ್ಟು ಚಕ್ರದ ಹತ್ತಿರ 95ಕ್ಕಿಂತ ಜಾಸ್ತಿಯೇ. 130 ಎಚ್‌ಪಿ ಅಂದರೆ ಎಂಜಿನ್‌ನಲ್ಲೇ 96 ಕಿಲೋವ್ಯಾಟ್, ಗೇರ್‌ಬಾಕ್ಸ್ ದಾಟಿ ಬರುವಷ್ಟರಲ್ಲಿ 85 ಉಳಿದರೆ ಪುಣ್ಯ. ಅಂದರೆ ಕಂಪನಿ ಟ್ಯೂನ್‌ನಲ್ಲಿ ಆ ಏರಲ್ಲಿ 80 ಸಾಧ್ಯವೇ ಇರಲಿಲ್ಲ, ಗಾಡಿ ತಾನಾಗೇ ನಿಧಾನ ಆಗುತ್ತಿತ್ತು. ಅದೇ 60ರಲ್ಲಿ ಹೋದರೆ ಚಕ್ರದ ಹತ್ತಿರ 66 ಸಾಕು.

ಈಗ 160 ಎಚ್‌ಪಿ ಬಂದಿದೆ, 80 ಸಾಧ್ಯ. ಸಾಧ್ಯ ಅಂತ ನೀವು ಆಕ್ಸಿಲರೇಟರ್ ಪೂರ್ತಿ ಒತ್ತಿ ಹತ್ತು ನಿಮಿಷ ಹಿಡಿದುಕೊಳ್ಳುತ್ತೀರಿ. ಬರೀ ಕಾರಿಗೆ ಪೂರ್ತಿ ಪವರ್ ಬೇಕಾಗುವುದು ಓವರ್‌ಟೇಕ್ ಮಾಡುವ ಹತ್ತು ಸೆಕೆಂಡ್. ಟ್ರೇಲರ್ ಗಾಡಿಗೆ ಏರು ಮುಗಿಯುವವರೆಗೆ. ಟ್ಯೂನ್ ಮಾಡುವವರು ಡೈನೊ (ಪವರ್ ಅಳೆಯುವ ಯಂತ್ರ) ಮೇಲೆ ಕೆಲವೇ ಸೆಕೆಂಡ್ ಓಡಿಸಿ ಶೀಟ್ ಕೊಡುತ್ತಾರೆ, ಆ ಶೀಟಲ್ಲಿ ಬಿಸಿಯ ಲೆಕ್ಕ ಇರುವುದಿಲ್ಲ. ಸುಟ್ಟ ಡೀಸೆಲ್‌ನಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ಚಕ್ರ ತಿರುಗಿಸುತ್ತದೆ, ಉಳಿದದ್ದೆಲ್ಲ ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಗೆ ಹೋಗಬೇಕು. ಪವರ್ ಏರಿಸಿದ್ದಾರೆ, ರೇಡಿಯೇಟರ್ ಹಳೆಯದೇ.

ನಿಧಾನಗಾಡಿ:
ಇದರ ಜೊತೆಗೆ ಇನ್ನೊಂದು, ಯಾರೂ ಹೇಳಲಿಲ್ಲ. ಟ್ಯೂನ್ ಮಾಡಿಸಿದರೆ ಎಳೆಯಬಹುದಾದ ತೂಕ ಒಂದು ಕೆಜಿಯೂ ಏರುವುದಿಲ್ಲ. ಗಾಡಿ ಮತ್ತು ಟ್ರೇಲರ್ ಸೇರಿ ಎಷ್ಟು ಅಂತ ಪ್ಲೇಟಿನಲ್ಲಿ ಇರುವುದೇ ಮಿತಿ, ಅದು ಬ್ರೇಕು, ಚಾಸಿ, ಆಕ್ಸಲ್, ಕೂಲಿಂಗ್ ಎಲ್ಲ ನೋಡಿ ಕೊಟ್ಟಿದ್ದು. ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ಭಾರವನ್ನೂ ತೂಗಿಸಿ. ಮೋಟರ್‌ಹೋಮ್‌ಗೆ ಹಿಂದಿನ ಆಕ್ಸಲ್ ದಾಟಿ ಬಾಲ ಉದ್ದ, ಅಲ್ಲಿ ಭಾರ ಬಿದ್ದರೆ ಮುಂದಿನ ಚಕ್ರ ಹಗುರ ಆಗುತ್ತದೆ. ಮುಂದಿನ ಚಕ್ರ ಎಳೆಯುವ ಗಾಡಿಗೆ 400 ಎನ್‌ಎಂ ಕೊಟ್ಟು ಒದ್ದೆ ಏರಿನಲ್ಲಿ ಟೈರ್ ಸುತ್ತಿಸಿದರೆ ಏನು ಲಾಭ? ವಿಮೆಯವರಿಗೂ ಟ್ಯೂನ್ ವಿಷಯ ತಿಳಿಸಿ, ಮುಚ್ಚಿಟ್ಟರೆ ಆಮೇಲೆ ಕ್ಲೇಮ್‌ಗೆ ತಕರಾರು ಬರುತ್ತದೆ.

ಏರುಹಾದಿ:
ಲಾಗ್ ಆಯಿತು. ಕೋಡ್ ಬರುವ ಮೊದಲು ಕೇಳಿದ ಬೂಸ್ಟ್ 2,350 ಮಿಲಿಬಾರ್, ಸಿಕ್ಕಿದ್ದು 1,900 ಹತ್ತಿರ. ಆಕ್ಚುಯೇಟರ್ ಕೊನೆತನಕ ಹೋಗಿ ನಿಂತಿತ್ತು. ರೈಲ್ ಪ್ರೆಶರ್ ಎರಡೂ ಒಂದಕ್ಕೊಂದು ಹೊಂದುತ್ತಿವೆ. ಕೂಲೆಂಟ್ 106 ಡಿಗ್ರಿ. ಗೇರ್‌ಬಾಕ್ಸ್ ಆಯಿಲ್ 124, ಇದು ಜಾಸ್ತಿ ಅಲ್ವಾ?

ಗ್ರೀಸ್‌ಕೈ:
ಬೂಸ್ಟ್ ವಿಷಯ ಮೊದಲು. ಇದು ಸೋರಿಕೆ, ಬಹುಪಾಲು ಖಾತ್ರಿ. ಇಂಟರ್‌ಕೂಲರ್‌ನ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಎರಡೂ ಬದಿಯ ಹೋಸ್ ಬಿಚ್ಚಿ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ಮುಖ್ಯವಾಗಿ ಕ್ಲಿಪ್ಪಿನ ಕೆಳಗೆ ಮತ್ತು ಬೆಂಡ್ ಇರುವ ಕಡೆ. ಎಣ್ಣೆ ಜಿಡ್ಡು ಧೂಳು ಹಿಡಿದು ಒದ್ದೆಯಾಗಿ ಕಾಣುವ ಜಾಗ ಸಿಕ್ಕರೆ ಅಲ್ಲೇ ಕಳ್ಳ. ಸ್ಮೋಕ್ ಟೆಸ್ಟ್ (ಹೊಗೆ ತುಂಬಿ ಎಲ್ಲಿ ಹೊರಬರುತ್ತದೆ ಅಂತ ನೋಡುವುದು) ಮಾಡಿಸಬಹುದು, ಆದರೆ ಅದರ ಒತ್ತಡ ತುಂಬಾ ಕಡಿಮೆ, ಇಂಥ ಸೀಳು ತಪ್ಪಿಸಿಕೊಳ್ಳುತ್ತದೆ. ಗಾಳಿ ತುಂಬಿ ನಿಜವಾದ ಬೂಸ್ಟ್ ಹತ್ತಿರದ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚುವುದು ಮೇಲು. ಅದಕ್ಕೆ ಸರಿಯಾದ ಮುಚ್ಚಳ ಬೇಕು, ಸುಮ್ನೆ ಬಟ್ಟೆ ತುರುಕಿ ಮಾಡಬೇಡಿ, ಹಾರಿ ಮುಖಕ್ಕೆ ಬರುತ್ತದೆ.

ಸೋರಿಕೆ ಇಟ್ಟುಕೊಂಡು ಓಡಿಸಿದರೆ ಟರ್ಬೊ ನಿಜವಾಗಲೂ ಹೋಗುತ್ತದೆ, ಆ ಕೊರತೆ ತುಂಬಿಸೋಕೆ ಅದು ಮಿತಿಗಿಂತ ಜಾಸ್ತಿ ಸುತ್ತುತ್ತದೆ. ಎತ್ತರಕ್ಕೆ ಹೋದಂತೆ ಗಾಳಿ ತೆಳು, ಅಲ್ಲಿ ಇನ್ನೂ ಕಷ್ಟ. ಸರಿ ಆಗುವವರೆಗೆ ಟ್ರೇಲರ್ ಹಾಕಬೇಡಿ.

124 ಜಾಸ್ತಿಯೇ. ಗೇರ್‌ಬಾಕ್ಸ್ ಆಯಿಲ್ 80ರಿಂದ 95ರ ಒಳಗೆ ಇದ್ದರೆ ನೆಮ್ಮದಿ, ಏರಿನಲ್ಲಿ 105, 110 ಮುಟ್ಟಿ ಇಳಿದರೆ ಪರವಾಗಿಲ್ಲ. 120ರ ಮೇಲೆ ಪದೇ ಪದೇ ಹೋದರೆ ಆಯಿಲ್ ಬೇಗ ಹಾಳಾಗುತ್ತದೆ, ಅದರ ಹಿಂದೆಯೇ ಕ್ಲಚ್ ಪ್ಲೇಟ್‌ಗಳು.

ಏರುಹಾದಿ:
ಸಿಕ್ಕಿತು! ಇಂಟರ್‌ಕೂಲರ್‌ನ ಕೆಳಗಿನ ಹೋಸ್, ಕ್ಲಿಪ್ಪಿನ ಪಕ್ಕದಲ್ಲೇ ಬೆರಳುದ್ದ ಸೀಳು, ಬಗ್ಗಿಸಿದರೆ ಮಾತ್ರ ಕಾಣುತ್ತಿತ್ತು. ಹೊಸ ಹೋಸ್, ಹೊಸ ಕ್ಲಿಪ್ ಹಾಕಿ ಅದೇ ಏರು ಹತ್ತಿಸಿದೆ. ಕೋಡ್ ಇಲ್ಲ, ಬೂಸ್ಟ್ ಕೇಳಿದಷ್ಟು ಸಿಗುತ್ತಿದೆ. ಸುಯ್ ಸದ್ದೂ ಹೋಯಿತು. ಆದರೆ ಈಗ ಚೆನ್ನಾಗಿ ಎಳೆಯುತ್ತಿರುವುದರಿಂದಲೋ ಏನೋ, ಕೂಲೆಂಟ್ 109, ಗೇರ್‌ಬಾಕ್ಸ್ 127 ಆಯಿತು. ನಾನೇ ಆಕ್ಸಿಲರೇಟರ್ ಬಿಟ್ಟೆ.

ಲೆಕ್ಕದಹುಚ್ಚು:
ನಿರೀಕ್ಷೆ ಇತ್ತು. ಸೋರಿಕೆಯೇ ನಿಮ್ಮ ಎಂಜಿನ್ ಕಾಪಾಡುತ್ತಿತ್ತು, ಬಿಸಿ ಏರುವ ಮೊದಲೇ ಲಿಂಪ್ ಮೋಡ್ ಬಂದು ನಿಲ್ಲಿಸುತ್ತಿತ್ತು.

ಯಾವ ಗೇರಿನಲ್ಲಿ, ಎಷ್ಟು ಆರ್‌ಪಿಎಂನಲ್ಲಿ ಏರುತ್ತಿದ್ದೀರಿ?

ಏರುಹಾದಿ:
ಡಿ ಹಾಕಿ ಬಿಟ್ಟಿರುತ್ತೇನೆ. 5ನೇ ಗೇರ್, 1,800 ಆಸುಪಾಸು. ಆಗಾಗ 4ಕ್ಕೆ ಇಳಿದು ಮತ್ತೆ 5ಕ್ಕೆ ಏರುತ್ತದೆ. ಟಾರ್ಕ್ ಜಾಸ್ತಿ ಆಗಿದೆಯಲ್ಲ, ಕೆಳಗಿನ ಗೇರ್ ಯಾಕೆ ಬೇಕು?

ಲೆಕ್ಕದಹುಚ್ಚು:
ಅಲ್ಲೇ ಇದೆ ವಿಷಯ. ಪವರ್ ಅಂದರೆ ಟಾರ್ಕ್ ಗುಣಿಸು ಆರ್‌ಪಿಎಂ, ಕಿಲೋವ್ಯಾಟ್ ಬೇಕಿದ್ದರೆ 9,549ರಿಂದ ಭಾಗಿಸಿ. 1,800ರಲ್ಲಿ 400 ಎನ್‌ಎಂ ಪೂರ್ತಿ ಹಿಂಡಿದರೂ ಸಿಗುವುದು 75 ಕಿಲೋವ್ಯಾಟ್. ಅದೇ 75 ಅನ್ನು 2,600ರಲ್ಲಿ 275 ಎನ್‌ಎಂ ಕೊಟ್ಟು ಪಡೆಯಬಹುದು. 275 ನಿಮ್ಮ ಎಂಜಿನ್‌ಗೆ ಕಂಪನಿ ಟ್ಯೂನ್‌ನಲ್ಲೇ ಇತ್ತು! ಪ್ರತಿ ಸುತ್ತಿಗೆ ಸುಡುವ ಡೀಸೆಲ್ ಕಡಿಮೆ, ಗಾಳಿ ಧಾರಾಳ, ಸೈಲೆನ್ಸರ್ ಕಡೆ ಹೋಗುವ ಗ್ಯಾಸ್ ತಣ್ಣಗೆ. ನೀರಿನ ಪಂಪು, ಬೆಲ್ಟ್ ಫ್ಯಾನ್ ಇದ್ದರೆ ಅದೂ ಜೋರಾಗಿ ಸುತ್ತುತ್ತವೆ.

ಗ್ರೀಸ್‌ಕೈ:
ಗೇರ್‌ಬಾಕ್ಸ್‌ಗೂ ಅದೇ ಮದ್ದು. 4, 5 ಅಂತ ಓಲಾಡುವಾಗ ಕನ್ವರ್ಟರ್ ಲಾಕ್ (ಜಾರದಂತೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನೇರ ಜೋಡಿಸುವ ಕ್ಲಚ್) ಬಿಟ್ಟು ಬಿಟ್ಟು ಹಿಡಿಯುತ್ತದೆ, ಲಾಕ್ ಇಲ್ಲದಾಗ ಜಾರಿದ್ದೆಲ್ಲ ಆಯಿಲ್ ಒಳಗೆ ಬಿಸಿ ಆಗಿ ಸೇರುತ್ತದೆ. ಟೋ ಮೋಡ್ ಬಟನ್ ಇದ್ದರೆ ಒತ್ತಿ, ಇಲ್ಲದಿದ್ದರೆ ಏರು ಶುರು ಆಗುವ ಮೊದಲೇ ಕೈಯಿಂದ 4ಕ್ಕೆ ಹಾಕಿ, 2,500ರ ಮೇಲೆ ಇಟ್ಟು, ಲಾಕ್ ಆಗಿದೆಯಾ ನೋಡಿ. ಆಗದಿದ್ದರೆ 3.

ಟ್ಯೂನ್ ಮಾಡಿದವರ ಹತ್ತಿರ ಹೋಗಿ ಎಳೆಯುವ ಕೆಲಸಕ್ಕೆ ಬೇರೆ ಫೈಲ್ ಕೇಳಿ. 2,200ರವರೆಗೆ ಟಾರ್ಕ್ 350 ದಾಟದಿರಲಿ, ಕೆಳಗಿನ ಗೇರುಗಳಲ್ಲಿ ಇನ್ನೂ ಕಡಿಮೆ, ಜಾಸ್ತಿ ಪವರ್ ಮೇಲಿನ ಆರ್‌ಪಿಎಂನಲ್ಲಿ ಬರಲಿ. ಕೂಲೆಂಟ್ ಮತ್ತು ಎಕ್ಸಾಸ್ಟ್ ಬಿಸಿಯಾದರೆ ಡೀಸೆಲ್ ಕಡಿಮೆ ಮಾಡುವ ಕಂಪನಿ ರಕ್ಷಣೆ ಇರುತ್ತದಲ್ಲ, ಅದನ್ನು ಮುಟ್ಟಿದ್ದಾರಾ ಅಂತ ಖಡಾಖಂಡಿತ ಕೇಳಿ. ಮುಟ್ಟಿದ್ದರೆ ವಾಪಸ್ ಹಾಕಿಸಿ, ಆಗಲ್ಲ ಅಂದರೆ ಹಳೇ ಫೈಲ್ ಹಾಕಿಸಿಕೊಂಡು ಬನ್ನಿ. ಟರ್ಬೊ ಮೊದಲಿನ ಎಕ್ಸಾಸ್ಟ್ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟಿ ಬಹಳ ಹೊತ್ತು ನಿಲ್ಲಬಾರದು ಅನ್ನೋದು ಡೀಸೆಲ್‌ನಲ್ಲಿ ಸಾಮಾನ್ಯ ಲೆಕ್ಕ. ಡಿಪಿಎಫ್ ತೆಗೆದರೆ ಬಿಸಿ ಕಡಿಮೆ ಆಗುತ್ತದೆ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ, ಅದು ಬಹಳಷ್ಟು ಕಡೆ ಕಾನೂನಿಗೂ ವಿರುದ್ಧ.

ಏಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವೆ ಟಾರ್ಚ್ ಬಿಟ್ಟು ನೋಡಿ. ಎದುರಿನಿಂದ ಸ್ವಚ್ಛ ಕಂಡರೂ ನಡುವೆ ಹುಳ, ಧೂಳು, ಒಣಗಿದ ಎಲೆ ತುಂಬಿರುತ್ತದೆ. ಒಳಗಿನಿಂದ ಹೊರಕ್ಕೆ ಕಡಿಮೆ ಒತ್ತಡದ ನೀರು ಬಿಡಿ. ಪ್ರೆಶರ್ ವಾಷರ್ ಬೇಡ, ಫಿನ್ ಮಡಚಿಹೋಗುತ್ತವೆ.

ಏರುಹಾದಿ:
ರೇಡಿಯೇಟರ್ ನಡುವೆ ಕಂಬಳಿಯಷ್ಟು ಕಸ ಇತ್ತು. ತೊಳೆದೆ. ಹೊಸ ಫೈಲ್ ಹಾಕಿಸಿದೆ, 350 ಮಿತಿ, ರಕ್ಷಣೆ ಮುಟ್ಟಿಲ್ಲ ಅಂತ ಬರೆದು ಕೊಟ್ಟರು. 4ನೇ ಗೇರ್, 2,600, ಗಂಟೆಗೆ 65ರಲ್ಲಿ ಹೋದೆ. ಕೂಲೆಂಟ್ 98ಕ್ಕೆ ನಿಂತಿತು. ಗೇರ್‌ಬಾಕ್ಸ್ 113. ಹೊರಗಿನ ಆಯಿಲ್ ಕೂಲರ್ ಹಾಕಿಸಲಾ?

ಗ್ರೀಸ್‌ಕೈ:
ಹಾಕಿಸಿ, ಬಿಸಿ ಕಾಲದಲ್ಲಿ 113 ಅನ್ನೋದು 120 ಆಗುತ್ತದೆ. ಕಂಪನಿ ಕೂಲರ್ ತೆಗೆಯಬೇಡಿ, ಅದರಿಂದ ಹೊರಬಂದು ಗೇರ್‌ಬಾಕ್ಸ್‌ಗೆ ವಾಪಸ್ ಹೋಗುವ ಲೈನಿನಲ್ಲಿ ಹೊಸದನ್ನು ಸೇರಿಸಿ. ಥರ್ಮೋಸ್ಟಾಟ್ ಇರುವ ಕೂಲರ್ ತಗೊಳ್ಳಿ, ಇಲ್ಲದಿದ್ದರೆ ಚಳಿಯಲ್ಲಿ ಆಯಿಲ್ ಬಿಸಿಯೇ ಆಗುವುದಿಲ್ಲ. ಬಿಚ್ಚುವ ಮೊದಲು ಯಾವ ಲೈನ್ ಹೋಗುವುದು, ಯಾವುದು ಬರುವುದು ಅಂತ ಟೇಪ್ ಹಚ್ಚಿ ಗುರುತು ಮಾಡಿಕೊಳ್ಳಿ. ಆಯಿಲ್ ಹೇಗೂ 127 ನೋಡಿದೆ, ಈಗಲೇ ಬದಲಾಯಿಸಿ. ಪೂರ್ತಿ ತುಂಬಿದ ಮೇಲೆ ಎಂಜಿನ್ ಓಡಿಸಿ, ಕಂಪನಿ ಹೇಳಿದ ಬಿಸಿಯಲ್ಲಿ ಲೆವೆಲ್ ಮತ್ತೆ ನೋಡಿ, ಹೊಸ ಕೂಲರ್ ತಾನೂ ಒಂದಿಷ್ಟು ಆಯಿಲ್ ಕುಡಿದಿರುತ್ತದೆ.